ನಾರ್ಬರ್ಟನ ನೆಲಮಾಳಿಗೆ

"ಬಾಗು, ಬಾಗು! ಮೇಲೆ ತೊಲೆ ಇದೆ!"

ನಾರ್ಬರ್ಟ್ ಕೆಳಗಿನಿಂದ ಕೂಗುವಷ್ಟರಲ್ಲಿ ಅಳಿಯ ತಲೆ ತಗ್ಗಿಸಿದ್ದ. ಅವನ ಕೈಯಲ್ಲಿದ್ದ ಬೂಯಾ ಎಂಬ ಕೋಳಿ ಸಾರಿನ ದೊಡ್ಡ ಪಾತ್ರೆ ಅಲುಗಾಡಿ, ನಾಲ್ಕು ಹನಿ ಕರಿ ಸೂಟಿನ ಮೇಲೆ ಚೆಲ್ಲಿತು.

ಹೆಂಡತಿ ಆರ್ಡೆಲ್‌ಳನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಮೂರು ದಿನದ ಹಿಂದೆ ಆಲೂಗಡ್ಡೆ ಸುಲಿಯುತ್ತ ಕುಳಿತವಳು ಕುಳಿತಲ್ಲೇ ಹೋಗಿಬಿಟ್ಟಿದ್ದಳು. ಗ್ರೀನ್ ಬೇ ಊರಿನ ಫೆಬ್ರವರಿ ಚಳಿಗೆ ಇಗರ್ಜಿಯ ಸಭಾಂಗಣದ ಹೀಟರ್ ಕೈಕೊಟ್ಟಿದ್ದರಿಂದ ಮಗಳು ಪೌಲೆಟ್, "ಊಟ ನಮ್ಮನೆ ಕೆಳಗೇ ಇಟ್ಕೊಳ್ಳೋಣ" ಎಂದು ಪಾದ್ರಿಗೆ ಹೇಳಿದ್ದಳು. ಬಂದ ಅರವತ್ತು ಮಂದಿಯೂ ಮಲಗುವ ಕೋಣೆಯಲ್ಲಿ ಕೋಟುಗಳ ಗುಡ್ಡೆ ಹಾಕಿ, ಬಾಗಿಲಲ್ಲಿ ಬೂಟು ಕಳಚಿ, ಕಾಲುಚೀಲದಲ್ಲೇ ನೆಲಮಾಳಿಗೆಗೆ ಇಳಿಯುತ್ತಿದ್ದರು.

ಕಾಗದದ ಗಿರಣಿಯಲ್ಲಿ ನಾರ್ಬರ್ಟನ ಪಕ್ಕದಲ್ಲೇ ದುಡಿದಿದ್ದ ಕ್ಲೆಮ್, ಇಳಿದವನೇ ಗೋಡೆಯ ಮೇಲೆ ಅಂಗೈ ಆಡಿಸಿದ.

"ಏನ್ ಕೆಲಸ ಮಾರಾಯ ನಿಂದು! ಇಪ್ಪತ್ತು ವರ್ಷ ಆಯ್ತು, ಎರಡು ಹಲಗೆ ಎಲ್ಲಿ ಸೇರಿದೆ ಅಂತ ಹುಡುಕಿದ್ರೂ ಸಿಗಲ್ಲ."

ಇಂಥ ಮಾತಿಗೆ ನಾರ್ಬರ್ಟ್ ಯಾವಾಗಲೂ "ಹೂಂ, ಏನೋ ಒಂದಿಷ್ಟು" ಎನ್ನುತ್ತಿದ್ದ. ಇವತ್ತು ಹಾಗೆನ್ನದೆ ಬೂಯಾ ಬಡಿಸುವ ನೆಪದಲ್ಲಿ ಆಚೆ ಸರಿದ.

*

ಈ ಮನೆ ಕೊಂಡಾಗ ಪೌಲೆಟ್ ಮೂರನೇ ಕ್ಲಾಸಿನಲ್ಲಿದ್ದಳು. "ಈ ಚಳಿಗಾಲದೊಳಗೆ ಕೆಳಗೆ ಒಂದು ಒಳ್ಳೇ ಹಜಾರ ಮಾಡ್ತೀನಿ ನೋಡು" ಎಂದು ನಾರ್ಬರ್ಟ್ ಮಾತು ಕೊಟ್ಟ. ಬಡಗಣ ಗೋಡೆಗೆ ಮೂರು ಮರದ ಕಂಬ ನಿಲ್ಲಿಸಿದ. ಆಮೇಲೆ ಜಿಂಕೆ ಬೇಟೆಯ ಕಾಲ ಬಂತು, ಫುಟ್‌ಬಾಲ್ ಬಂತು, ಗಿರಣಿಯ ಪಾಳಿ ಬದಲಾಯಿತು. ಆ ಮೂರು ಕಂಬಗಳು ಹಾಗೇ ಒಂಬತ್ತು ವರ್ಷ ನಿಂತವು. ಆರ್ಡೆಲ್ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದಳು.

ಒಂದು ವಸಂತದಲ್ಲಿ ಹಿಮ ಕರಗಿ ಕಾಲು ಮುಳುಗುವಷ್ಟು ನೀರು ಒಳಗೆ ನುಗ್ಗಿತು. "ಇದು ಆಗೋ ಕೆಲಸ ಅಲ್ಲ" ಎಂದು ನಾರ್ಬರ್ಟ್ ಕೈಚೆಲ್ಲಿದ. ಶಾಲೆಯ ಅಡುಗೆಮನೆಯಲ್ಲಿ ದಿನಾ ಇನ್ನೂರು ಮಕ್ಕಳಿಗೆ ಬೇಯಿಸುತ್ತಿದ್ದ ಆರ್ಡೆಲ್‌ಗೆ ಆಗ ಐವತ್ತೆರಡು. ಲೈಬ್ರರಿಯಿಂದ ಮೂರು ಪುಸ್ತಕ ತಂದಳು. ಮೊದಲು ಮನೆಯ ಸುತ್ತ ಮಣ್ಣು ಏರಿಸಿ, ನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿದಳು. ಆಮೇಲೆ ಇಡೀ ಒಂದು ವರ್ಷ ಏನೂ ಮಾಡಲಿಲ್ಲ. ಪ್ರತಿ ಮಳೆಯ ಮರುದಿನ ಕೆಳಗಿಳಿದು ನೆಲ ಮುಟ್ಟಿ ನೋಡಿ ಬರುತ್ತಿದ್ದಳು, ಅಷ್ಟೇ. ನೆಲ ಒಣಗಿಯೇ ಉಳಿಯಿತು. ಆಗ ಗರಗಸ ಹಿಡಿದಳು.

ಚೌಕಟ್ಟು ನಿಂತಿತು, ಬೆಚ್ಚಗಿಡುವ ಹತ್ತಿ ತುಂಬಿತು, ಅದರ ಮೇಲೆ ಜಿಪ್ಸಮ್ ಹಲಗೆಗಳು ಕೂತವು. ಸ್ನಾನದ ಟೋಪಿ ಹಾಕಿಕೊಂಡು ಪುಟ್ಟಿ ಉಜ್ಜಿ ಮೇಲೆ ಬಂದರೆ ಹಿಟ್ಟಿನ ಡಬ್ಬಿಗೆ ಬಿದ್ದು ಎದ್ದವಳ ಹಾಗೆ ಕಾಣುತ್ತಿದ್ದಳು.

ಕೆಲಸ ಮುಗಿದ ಮೊದಲ ಭಾನುವಾರ ಗಿರಣಿಯ ಗೆಳೆಯರು ಟಿವಿಯಲ್ಲಿ ಫುಟ್‌ಬಾಲ್ ನೋಡಲು ಬಂದರು. "ಅಂತೂ ಮುಗಿಸಿದೆಯಲ್ಲೋ!" ಎಂದ ಕ್ಲೆಮ್. ಆರ್ಡೆಲ್ ಸಾಸೇಜಿನ ತಟ್ಟೆ ಹಿಡಿದು ಮೆಟ್ಟಿಲ ಮೇಲಿದ್ದಳು. ನಾರ್ಬರ್ಟ್ ಅವಳ ಕಡೆ ಒಮ್ಮೆ ನೋಡಿ, "ಹೂಂ, ಹೇಗೋ ಮುಗಿಸ್ದೆ" ಎಂದುಬಿಟ್ಟ.

ಅವಳು ತಟ್ಟೆ ಇಟ್ಟಳು. "ತಿನ್ನಿ, ಆರಿಹೋಗುತ್ತೆ."

ಎಲ್ಲರೂ ಹೋದ ಮೇಲೆ ಬೈಗುಳಕ್ಕಾಗಿ ಕಾದ. ಬರಲಿಲ್ಲ. ಮರುದಿನವೂ ಬರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

*

ಕ್ಲೆಮ್ ಬಿಯರ್ ಗ್ಲಾಸು ಎತ್ತಿ ನಿಂತಿದ್ದ. "ಆರ್ಡೆಲ್ ಪುಣ್ಯ ಮಾಡಿದ್ಲು. ಗಂಡ ಕಟ್ಟಿಕೊಟ್ಟ ಇಂಥ ಹಜಾರದಲ್ಲಿ..."

"ಇದನ್ನ ನಾನು ಕಟ್ಟಿದ್ದಲ್ಲ."

ನಾರ್ಬರ್ಟ್ ಯಾರ ಮುಖವನ್ನೂ ನೋಡಲಿಲ್ಲ.

"ಮೂರು ಕಂಬ ನಂದು. ಅದನ್ನೂ ಸೊಟ್ಟ ಅಂತ ಅವಳೇ ಕಿತ್ತು ಮತ್ತೆ ನಿಲ್ಲಿಸಿದ್ಲು. ಮಿಕ್ಕಿದ್ದೆಲ್ಲ ಅವಳದ್ದೇ. ಇಷ್ಟು ವರ್ಷ ಸುಳ್ಳು ಹೇಳಿದೆ."

ಕ್ಲೆಮ್ ಗ್ಲಾಸು ಕೆಳಗಿಟ್ಟ. "ಗೊತ್ತು ಕಣೋ."

"ಗೊತ್ತಾ?"

"ಮೂವತ್ತು ವರ್ಷ ನಿನ್ನ ಪಕ್ಕ ನಿಂತಿದ್ದೀನಿ. ಊಟದ ಡಬ್ಬಿ ಮುಚ್ಚಳ ಕಿತ್ತೋದ್ರೆ ಎರಡು ವರ್ಷ ರಬ್ಬರ್ ಬ್ಯಾಂಡ್ ಹಾಕ್ಕೊಂಡು ತಂದೋನು ನೀನು!"

"ಮತ್ತೆ ಯಾಕೋ ಹೊಗಳ್ತಿದ್ದೆ?"

"ನೀನು ಹೂಂ ಅನ್ನುವಾಗ ಕಿವಿ ಕೆಂಪಾಗುತ್ತಲ್ಲ, ಅದನ್ನ ನೋಡಕ್ಕೆ."

ಯಾರೋ ಕಿಸಕ್ಕೆಂದರು. ಆಮೇಲೆ ಪಾದ್ರಿಯೂ ಸೇರಿ ಇಡೀ ಹಜಾರ ನಕ್ಕಿತು. ಪೌಲೆಟ್ ಅಪ್ಪನ ಬೆನ್ನು ಸವರಿದಳು. "ನಂಗೂ ಗೊತ್ತಿತ್ತು ಅಪ್ಪ. ಮೊಳೆ ಹಿಡ್ಕೊಂಡು ನಿಲ್ತಿದ್ದಿದ್ದು ನಾನೇ ಅಲ್ವಾ?"

ಮೂಲೆಯಲ್ಲಿ ಪ್ರೂನ್ ಹಣ್ಣಿನ ಪೈ ಕತ್ತರಿಸುತ್ತಿದ್ದ ಬರ್ನೀಸ್ ಮತ್ತು ಲವೋನ್ ಮುಖ ಮುಖ ನೋಡಿಕೊಂಡರು. ಇಬ್ಬರೂ ಆರ್ಡೆಲ್‌ಳ ಮಂಗಳವಾರದ ಇಸ್ಪೀಟಿನ ಗೆಳತಿಯರು.

"ಹಾಗಾದ್ರೆ ನಮ್ಮದೂ ಒಂದಿದೆ, ಹೇಳ್ಬಿಡ್ತೀವಿ" ಎಂದಳು ಬರ್ನೀಸ್. "ಆ ಇಸ್ಪೀಟು ನಾವು ಆಡಿದ್ದು ಮೊದಲ ಎರಡು ವಾರ ಅಷ್ಟೆ."

"ಒಂಬತ್ತು ವರ್ಷ ಹೋಗಿದ್ದಾಳಲ್ಲ!" ಎಂದ ನಾರ್ಬರ್ಟ್.

"ನನ್ನ ನೆಲಮಾಳಿಗೆ ಮುಗಿಸಿದ್ವಿ" ಎಂದಳು ಲವೋನ್. "ಆಮೇಲೆ ನನ್ನ ತಂಗೀದು. ಈಗ ಬರ್ನೀಸ್‌ದು ನಡೀತಿದೆ. ನಾರ್ಬರ್ಟ್‌ಗೆ ಹೇಳ್ಬೇಡಿ, ಅವನಿಗೆ ಮುಜುಗರ ಆಗುತ್ತೆ ಅಂತ ಆರ್ಡೆಲ್ ಆಣೆ ಹಾಕಿಸಿದ್ಲು."

"ಅಲ್ಲ, ಇವತ್ತು ಸೋತೆ ಅಂತ ಮುಖ ಊದಿಸ್ಕೊಂಡು ಬರ್ತಿದ್ಲಲ್ಲ?"

"ಅದು ಬೆರಳಿಗೆ ಸುತ್ತಿಗೆ ಬಿದ್ದ ದಿನ."

ನಾರ್ಬರ್ಟ್ ಕುರ್ಚಿಯಲ್ಲಿ ಕುಸಿದು ನಕ್ಕ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ, ನೀರು ಬಂದ ಮೇಲೂ ನಕ್ಕ. ಕರವಸ್ತ್ರ ಒದ್ದೆಯಾಯಿತು.

"ಎಷ್ಟು ಬಾಕಿ ಇದೆ ನಿಮ್ಮನೇದು?" ಎಂದು ಬರ್ನೀಸ್‌ಳನ್ನು ಕೇಳಿದ.

"ಮೇಲಿನ ಸೂರಿಗೆ ಎರಡು ಹಲಗೆ. ನಾವಿಬ್ಬರೂ ಗಿಡ್ಡಿಯರು, ಕೈ ಎಟಕಲ್ಲ."

ನಾಲ್ಕು ಗಂಟೆಯ ಹೊತ್ತಿಗೆ ಅಪ್ಪ ಎಲ್ಲೂ ಕಾಣದೆ ಪೌಲೆಟ್ ಮೂರು ಮನೆ ಆಚೆಗಿನ ಬರ್ನೀಸ್‌ಳ ಮನೆಗೆ ಹೋದಳು. ನೆಲಮಾಳಿಗೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು.

ನಾರ್ಬರ್ಟನ ಟೈ ಹೆಗಲ ಮೇಲಿತ್ತು. ಎರಡು ಅಂಗೈ ಸಾಲದೆ ನೆತ್ತಿಯನ್ನೂ ಕೊಟ್ಟು ಅವನು ಹಲಗೆಯನ್ನು ಸೂರಿಗೆ ಒತ್ತಿ ಹಿಡಿದಿದ್ದ. ಸ್ಟೂಲುಗಳ ಮೇಲೆ ಹತ್ತಿದ್ದ ಇಬ್ಬರು ಮುದುಕಿಯರು ಎರಡೂ ಬದಿಯಿಂದ ಸ್ಕ್ರೂ ತಿರುಗಿಸುತ್ತಿದ್ದರು.

"ಅಲ್ಲಾಡಬೇಡ!" ಎಂದು ಬರ್ನೀಸ್ ಗದರಿದಳು.

"ಅಲ್ಲಾಡ್ತಿಲ್ಲ" ಎಂದ ನಾರ್ಬರ್ಟ್. ಅವನ ಶವಸಂಸ್ಕಾರದ ಕರಿ ಪ್ಯಾಂಟಿನ ಮೇಲೆ ಬಿಳಿ ಪುಡಿ ಸಣ್ಣಗೆ ಉದುರುತ್ತಿತ್ತು.