ಹೊಸ ರೆಕ್ಕೆಯ ಮೇಲೆ ಮೂರು ಬೆರಳು

ನಾನೊಂದು ಸಣ್ಣ ಜೆಟ್ ವಿಮಾನ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ಬದುಕಿದ್ದೆಲ್ಲ ಈ ನಾಡಿನಲ್ಲಿ. ಮೊದಲು ಸಕ್ಕರೆ ಕಾರ್ಖಾನೆಯ ಯಜಮಾನರೊಬ್ಬರನ್ನು ಹೊತ್ತೆ. ಅವರು ಒಳಗೆ ಬರುವಾಗ ಚಪ್ಪಲಿ ಬಿಟ್ಟು ಬರುತ್ತಿದ್ದರು. ಆಮೇಲೆ ಗಣಿಯವರು ಕೊಂಡರು. ಅವರ ಬೂಟಿನ ಕೆಂಧೂಳು ನನ್ನ ಸಂದುಗಳಲ್ಲಿ ಇನ್ನೂ ಇದೆ. ಕೊನೆಗೆ ಬೆಂಗಳೂರಿನ ಆಂಬ್ಯುಲೆನ್ಸ್ ಕಂಪನಿಯೊಂದು ಸೀಟು ಕಿತ್ತು ಸ್ಟ್ರೆಚರ್ ಕೂರಿಸಿತು.

ಯಜಮಾನರು ಬದಲಾದರೂ ಮೆಕ್ಯಾನಿಕ್ ತಿಪ್ಪೇಸ್ವಾಮಿ ನನ್ನ ಜೊತೆಗೇ ಬಂದರು. ಪ್ರತಿ ಆಯುಧಪೂಜೆಗೂ ಗಂಧದಲ್ಲಿ ಕಲಸಿದ ವಿಭೂತಿಯನ್ನು ಬಾಗಿಲ ಕಡೆಯ ಎಡರೆಕ್ಕೆಯ ಮುಂದಂಚಿಗೆ ಮೂರು ಬೆರಳಲ್ಲಿ ಎಳೆದು, ನಡುವೆ ಕುಂಕುಮ ಇಡುತ್ತಿದ್ದರು. ಹಳೆಯ ರೆಕ್ಕೆ ದಪ್ಪ ಚರ್ಮದ್ದು. ಏನು ಬಳಿದರೂ ತಾಳಿಕೊಳ್ಳುತ್ತಿತ್ತು.

ಆದರೆ ಅದಕ್ಕೆ ಉದ್ದನೆಯ ರನ್‌ವೇ ಬೇಕಿತ್ತು. ಸಣ್ಣ ಊರುಗಳ ರೋಗಿಗಳ ಹತ್ತಿರ ನನಗೆ ಇಳಿಯಲಾಗುತ್ತಿರಲಿಲ್ಲ. ಅದಕ್ಕೇ ಹೊಸದಾಗಿ ರೂಪಿಸಿದ ರೆಕ್ಕೆ ತರಿಸಿ ಜೋಡಿಸಿದರು. ಪರೀಕ್ಷೆಯಲ್ಲಿ ಗೆದ್ದರೆ ಉಳಿದೆ, ಸೋತರೆ ಗುಜರಿಗೆ.

ಪರೀಕ್ಷೆಯ ಹಿಂದಿನ ದಿನವೇ ಆಯುಧಪೂಜೆ ಬಂತು. ತಿಪ್ಪೇಸ್ವಾಮಿ ಎಂದಿನಂತೆ ಹೊಸ ರೆಕ್ಕೆಗೂ ಪೂಜೆ ಮಾಡಿ, ಮರುದಿನ ಬೆಳಿಗ್ಗೆ ಕುಂಕುಮ ಒರೆಸಿದರು. ಬಿಳಿ ಬಣ್ಣದ ಮೇಲಿನ ಬಿಳಿ ವಿಭೂತಿ ಯಾರ ಕಣ್ಣಿಗೂ ಬೀಳಲಿಲ್ಲ.

ಮೇಲೇರಿದ ಬಳಿಕ ಪೈಲಟ್ ಕ್ಯಾಪ್ಟನ್ ಮೊಣ್ಣಪ್ಪ ನನ್ನ ವೇಗ ಇಳಿಸುತ್ತ ಹೋದರು. ರೆಕ್ಕೆ ಗಾಳಿಯ ಹಿಡಿತ ಬಿಡುವಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಪರೀಕ್ಷೆ. ಎರಡೂ ಕಡೆ ಒಟ್ಟಿಗೆ ಬಿಡಬೇಕು. ನನ್ನ ಎಡಗಡೆ ಮೊದಲೇ ಬಿಟ್ಟಿತು. ನಾನು ಮಗುಚಿದೆ. ನೆಲ ತಲೆಯ ಮೇಲೆ ಬಂತು. ಪಕ್ಕದಲ್ಲಿದ್ದ ಇಂಜಿನಿಯರ್ ಫ್ಲೇವಿಯಾ ವೇಗದ ಅಂಕಿಗಳನ್ನು ಕೂಗಿ ಹೇಳಿದರು. ಕ್ಯಾಪ್ಟನ್ ನನ್ನ ಮೂತಿ ತಗ್ಗಿಸಿ, ವೇಗ ಕೂಡಿಸಿ, ಹೇಗೋ ನನ್ನನ್ನು ನೇರ ಮಾಡಿದರು.

ಇಳಿದ ಮೇಲೆ ಫ್ಲೇವಿಯಾ ಈ ರೆಕ್ಕೆಯನ್ನು ನಂಬಲಾಗದು ಎಂದರು. ಕ್ಯಾಪ್ಟನ್ ಮುಂದಂಚಿನ ಮೇಲೆ ಅಂಗೈ ಸವರುತ್ತ ನಡೆದರು. ಎಡಗಡೆ ಕೈ ನಿಂತಿತು. ಉಗುರಿನಿಂದ ಕೆರೆದು, ಬೆರಳನ್ನು ಮೂಸಿದರು. ಗಂಧ.

ತಿಪ್ಪೇಸ್ವಾಮಿಯ ಮುಖ ಇಳಿದುಹೋಯಿತು. "ನಾನೇ ಸಾರ್ ಬಳ್ದಿದ್ದು. ಇಷ್ಟ್ ವರ್ಷ ಏನೂ ಆಗಿರ್ಲಿಲ್ಲ."

ಹಳೆಯ ರೆಕ್ಕೆಗೆ ಏನೂ ಆಗುವುದಿಲ್ಲ, ಇದರ ಅಂಚಿನಲ್ಲಿ ಸ್ವಲ್ಪ ಒರಟಿದ್ದರೂ ಗಾಳಿ ಬೇಗ ಕೈಬಿಡುತ್ತದೆ ಎಂದು ಫ್ಲೇವಿಯಾ ಬಿಡಿಸಿ ಹೇಳಿದರು. ಆದರೆ ತಪ್ಪು ವಿಭೂತಿಯದೋ ರೆಕ್ಕೆಯದೋ ಎಂದು ತಿಳಿಯಲು ಮತ್ತೆ ಹಾರಲೇಬೇಕು.

ತಿಪ್ಪೇಸ್ವಾಮಿ ಒದ್ದೆ ಬಟ್ಟೆ ತಂದು ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

"ಇಷ್ಟು ವರ್ಷ ದೇವರನ್ನ ಕೂರಿಸಿದ್ರಿ," ಎಂದರು ಕ್ಯಾಪ್ಟನ್. "ಇವತ್ತು ನೀವೇ ಬಂದು ಕೂತ್ಕೊಳ್ಳಿ."

ಅವರು ಬಂದು ಕೂತರು. ಮೇಲೆ ಮತ್ತೆ ವೇಗ ಇಳಿಯಿತು. ನನ್ನ ಮೈ ಅದುರತೊಡಗಿತು. ತಿಪ್ಪೇಸ್ವಾಮಿಯ ಕೈ ಸ್ಟ್ರೆಚರಿನ ಕಂಬಿಯನ್ನು ಹಿಡಿದಿತ್ತು. ಆ ನಡುಕ ನನ್ನದೋ ಅವರದೋ ನನಗೇ ತಿಳಿಯಲಿಲ್ಲ. ಇನ್ನೂ ನಿಧಾನ. ಗಾಳಿ ಕೈಬಿಟ್ಟಿತು, ಎರಡೂ ಕಡೆ ಒಟ್ಟಿಗೆ. ಮೂತಿ ನೇರವಾಗಿ ಕೆಳಗೆ ಬಾಗಿತು, ಮುದುಕ ತಲೆ ತಗ್ಗಿಸಿ ಬಾಗಿಲು ದಾಟಿದ ಹಾಗೆ.

ಈಗ ನನಗೂ ವಯಸ್ಸಾಯಿತು. ಆದರೂ ಸಣ್ಣ ಊರುಗಳಲ್ಲಿ ಇಳಿಯುತ್ತೇನೆ. ಹಳೆಯ ರೆಕ್ಕೆಗಳು ಹ್ಯಾಂಗರಿನ ಹಿಂದಿನ ಮೂಲೆಯಲ್ಲಿ ಒರಗಿವೆ. ಆಯುಧಪೂಜೆಯ ದಿನ ತಿಪ್ಪೇಸ್ವಾಮಿ ನನ್ನ ಚಕ್ರಕ್ಕಷ್ಟೇ ಕುಂಕುಮವಿಟ್ಟು, ತಟ್ಟೆ ಹಿಡಿದು ಅಲ್ಲಿಗೆ ಹೋಗುತ್ತಾರೆ. ಅವುಗಳ ಅಂಚಿಗೆ ಮೂರು ಬೆರಳಲ್ಲಿ ದಪ್ಪಗೆ ಎಳೆಯುತ್ತಾರೆ. ಯಾರೂ ಒರೆಸುವುದಿಲ್ಲ.