ಬೆಳೆಯೋಕೆ ಬಿಟ್ಟ ಎರಡಿಂಚು

ನಮ್ಮೂರ ಟೈಲರ್ ಹತ್ರ ಯೂನಿಫಾರ್ಮ್ ಹೊಲಿಸಿದ ಮಕ್ಕಳಲ್ಲಿ ಒಬ್ಬರೂ ಇವತ್ತಿನವರೆಗೆ ಆ ಯೂನಿಫಾರ್ಮಿನಷ್ಟು ಬೆಳೆದಿಲ್ಲ. "ಬೆಳೆಯೋ ವಯಸ್ಸು, ಎರಡಿಂಚು ಇರ್ಲಿ" ಅಂತ ಜಾಸ್ತಿ ಬಿಡೋದು ಅವನ ಕೈಗೆ ಹತ್ತಿದ ಚಟ. ಅವನು ಹೊಲಿದ ಚಡ್ಡೀಲಿ ಒಂದನೇ ಕ್ಲಾಸಿಗೆ ಹೋದವನೊಬ್ಬ ಈಗ ಬ್ಯಾಂಕ್ ಮ್ಯಾನೇಜರ್. ಮನೇಲಿ ಇವತ್ತಿಗೂ ಅದೇ ಚಡ್ಡೀಲಿ ಕೂತು ಪೇಪರ್ ಓದ್ತಾನಂತೆ, ಬೆಲ್ಟ್ ಬಿಗಿದುಕೊಂಡು.

ಇಂಥ ಮನುಷ್ಯನ ಕೈಗೆ ಮೂವತ್ತು ವರ್ಷದ ಹಳೇ ಮೋಟಾರ್ ಬೋಟ್ ಬಂತು. ಮೊದಲನೇ ವಾರವೇ ಬಂಡೆಗೆ ತಗುಲಿಸಿ ಪ್ರೊಪೆಲರಿನ ಒಂದು ರೆಕ್ಕೆ ಮುರಿದುಕೊಂಡ. ಮುರಿದಿದ್ದರ ಮೇಲೆ ಹತ್ತೊಂಬತ್ತು ಅಂತ ನಂಬರ್ ಹೊಡೆದಿತ್ತು. ಟೈಲರ್ ಪ್ರೊಪೆಲರ್ ಅಂಗಡಿಗೆ ಹೋದವನು ಒಂದು ಮಾತೂ ಕೇಳದೆ, "ಇಪ್ಪತ್ತೊಂದು ಕೊಡಿ ಮೇಡಂ" ಅಂದ. ಎರಡಿಂಚು ಇರ್ಲಿ, ಬೆಳೆಯುತ್ತೆ.

ಬೋಟ್ ಬೆಳೀಲಿಲ್ಲ. ಕೆರೆಗಿಳಿಸಿ ಪೂರ್ತಿ ಥ್ರಾಟಲ್ ಕೊಟ್ರೆ ಇಂಜಿನ್ ಮಲಬದ್ಧತೆ ಆದವರ ಥರ ಮುಕ್ಕಿರಿದು ಮುಕ್ಕಿರಿದು ನರಳಿತು. ಹಿಂಭಾಗ ನೀರಲ್ಲಿ ಕೂತು ಮೂತಿ ಆಕಾಶಕ್ಕೆ ಎದ್ದಿತು. ಸ್ಟಿಯರಿಂಗ್ ಹಿಡಿದ ಟೈಲರ್‌ಗೆ ಮೋಡ ಬಿಟ್ಟರೆ ಬೇರೇನೂ ಕಾಣ್ತಿರಲಿಲ್ಲ. ಒಂದು ಬಾತುಕೋಳಿ ಓವರ್‌ಟೇಕ್ ಮಾಡ್ತು. ಮಾಡಿದ್ದಲ್ಲದೆ ತಿರುಗಿ ಬೇರೆ ನೋಡ್ತು.

ದಡದಲ್ಲಿ ಭಾವ ಕೈ ಕಟ್ಟಿಕೊಂಡು ನಿಂತಿದ್ರು. ಭಾವ ಅಂದ್ರೆ ಹೆಂಡತಿಯ ಅಣ್ಣ, ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜ್ ಮಾಲೀಕರು. ಆ ಬೋಟನ್ನ ನಡುವೆ ಕೊಯ್ದು, ಎರಡು ತುಂಡನ್ನೂ ಲಾಡ್ಜ್ ಬಾಗಿಲ ಆಚೆ ಈಚೆ ಇಟ್ಟು, ಹೂಕುಂಡ ಮಾಡಬೇಕು ಅನ್ನೋದು ಅವರ ಕನಸು. ಗಿಡ ಕೂಡ ತಂದಿಟ್ಟಿದ್ರು.

"ಏನಪ್ಪಾ ಟೈಲರ್," ಅಂದ್ರು, "ಇದು ನೀರಲ್ಲಿ ಹೋಗೋದಾ, ನೀರು ಕುಡಿಯೋದಾ?"

"ಇನ್ನೂ ಹೊಸದು ಭಾವ, ಸೆಟ್ ಆಗ್ಬೇಕು."

"ಮೂವತ್ತು ವರ್ಷದಿಂದ ಸೆಟ್ ಆಗ್ತಾನೇ ಇದೆ. ನನಗೆ ಕೊಡು, ಒಂದೇ ದಿನದಲ್ಲಿ ಸೆಟ್ ಮಾಡ್ತೀನಿ. ದಾಸವಾಳ ಹಾಕಿ."

ಹೆಂಡತಿಗೆ ಇಬ್ಬರ ಕಾಟವೂ ಸಾಕಾಗಿತ್ತು. "ಕೇಳ್ರೀ," ಅಂದ್ಳು. "ಭಾನುವಾರ ನಾನೂ ಅಣ್ಣನೂ ಹತ್ತಿ ಕೂರ್ತೀವಿ. ಹತ್ತು ಗಂಟೆಗೆ ಜನ ದಾಟಿಸೋ ಲಾಂಚ್‌ಗಿಂತ ಮುಂಚೆ ಆ ದಡ ಮುಟ್ಟಿಸಿದ್ರೆ ಬೋಟ್ ನಿಮ್ಮದು. ಇಲ್ಲಾಂದ್ರೆ ಅಣ್ಣಂದು. ಆಮೇಲೆ ಈ ಮನೇಲಿ ಬೋಟ್ ಅನ್ನೋ ಮಾತೇ ಏಳಬಾರದು."

ಟೈಲರ್ ಮಾರನೇ ದಿನವೇ ಪ್ರೊಪೆಲರ್ ಬಿಚ್ಚಿ ಬಗಲಲ್ಲಿ ಇಟ್ಕೊಂಡು ಅಂಗಡಿಗೆ ಓಡಿದ. ಅಂಗಡಿಯಾಕೆ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದ್ರು.

"ಇಪ್ಪತ್ತೊಂದು ಅಂದ್ರೆ ಏನು ಗೊತ್ತಾ ನಿಮಗೆ?"

"ಸೈಜು."

"ಸೈಜಲ್ಲ ಯಜಮಾನ್ರೇ, ಪಿಚ್ಚು. ರೆಕ್ಕೆ ಒಂದು ಸುತ್ತು ತಿರುಗಿದ್ರೆ ಬೋಟನ್ನ ಎಷ್ಟಿಂಚು ಮುಂದೆ ತಳ್ಳೋಕೆ ನೋಡುತ್ತೆ ಅನ್ನೋ ಲೆಕ್ಕ. ಮುದುಕನಿಗೆ ಒಂದೊಂದು ಹೆಜ್ಜೆಗೂ ಎರಡೆರಡು ಮೆಟ್ಟಿಲು ಹತ್ತು ಅಂದ್ರೆ ಹತ್ತುತ್ತಾನಾ? ಪೂರ್ತಿ ಥ್ರಾಟಲ್‌ನಲ್ಲಿ ಇಂಜಿನ್ ಸುತ್ತು ತೋರಿಸೋ ಆರ್‌ಪಿಎಂ ಮುಳ್ಳು ಎಲ್ಲಿತ್ತು?"

"ನಾಲ್ಕು ಸಾವಿರದ ಆರುನೂರು. ನಾನೊಬ್ಬನೇ ಇದ್ದೆ."

"ಈ ಇಂಜಿನ್ನಿಗೆ ಐದು ಸಾವಿರದಿಂದ ಐದೂವರೆ ಒಳಗೆ ಬರಬೇಕು. ಪಿಚ್ ಒಂದಿಂಚು ಇಳಿಸಿದ್ರೆ ಮುಳ್ಳು ಸುಮಾರು ಇನ್ನೂರು ಏರುತ್ತೆ. ಆದ್ರೆ ಖಾಲಿ ಬೋಟಿಗೆ ಅಳತೆ ತಗೊಂಡು ಏನು ಪ್ರಯೋಜನ? ಭಾನುವಾರ ಯಾರ್ಯಾರು ಕೂರ್ತಾರೆ?"

ಟೈಲರ್‌ನ ತಲೇಲಿ ದೀಪ ಹತ್ತಿಕೊಳ್ತು. ಗಿರಾಕಿಯನ್ನ ಊಟ ಆದ ಮೇಲೇ ಅಳೀಬೇಕು ಅನ್ನೋದು ಅವನಿಗೆ ಗೊತ್ತಿಲ್ಲದ್ದಾ? ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿದ.

"ಭಾವ, ನಿಮ್ಮ ತೂಕ ಎಷ್ಟು?"

"ಎಂಬತ್ತು. ಮೊನ್ನೆ ತಾನೇ ತೂಗಿಸಿದೆ. ಯಾಕೆ?"

"ಸುಮ್ನೆ."

ಅಂಗಡಿಯಾಕೆ "ಎಂಬತ್ತಾದ್ರೆ ಹದಿನೇಳು ಸಾಕು" ಅಂತ ಕಪಾಟಿಗೆ ಕೈ ಹಾಕಿದ್ರು. ಟೈಲರ್ ತಡೆದ. ಹೋದ ತಿಂಗಳು ತಾನೇ ಭಾವನಿಗೆ ಪ್ಯಾಂಟ್ ಹೊಲಿದಿದ್ದ. ಟೇಪು ಹಿಡಿಯೋಕೆ ಭಾವನ ಸುತ್ತ ಒಂದು ಪ್ರದಕ್ಷಿಣೆ ಬಂದಿದ್ದ, ನಡುದಾರೀಲಿ ನಿಂತು ದಮ್ಮು ತಗೊಂಡಿದ್ದ. ನಲವತ್ತೆಂಟು ಬಂದಿದ್ದನ್ನ "ನಲವತ್ತು ಭಾವ, ಸಣ್ಣಗಾಗಿದ್ದೀರ" ಅಂತ ಹೇಳಿ, ಒಳಗಡೆ ಕದ್ದು ಎಲಾಸ್ಟಿಕ್ ಕೊಟ್ಟಿದ್ದ.

"ನೂರಾ ಇಪ್ಪತ್ತು ಬರ್ಕೊಳ್ಳಿ," ಅಂದ.

"ಅವರು ಎಂಬತ್ತು ಅಂದ್ರಲ್ಲ?"

"ಮೂವತ್ತು ವರ್ಷದಿಂದ ಸೊಂಟ ಅಳೀತಿದ್ದೀನಿ ಮೇಡಂ. ಬಾಯಿ ಹೇಳೋ ಅಳತೆಗೆ ಬಟ್ಟೆ ಕತ್ತರಿಸಿದ್ದಿದ್ರೆ ಊರಿಗೂರೇ ಬೆತ್ತಲೆ ಓಡಾಡ್ತಿತ್ತು."

"ಸರಿ. ನಿಮ್ಮ ಮನೆಯವರ ತೂಕ?"

"ಅದು ಮಾತ್ರ ಅವಳು ಹೇಳಿದಷ್ಟೇ ಇರ್ಲಿ. ನಾನು ಮನೆಗೆ ವಾಪಸ್ ಹೋಗಬೇಕು."

ಹದಿನೈದು ಅಂತ ತೀರ್ಮಾನ ಆಯ್ತು. ಇಪ್ಪತ್ತೊಂದರಿಂದ ಹದಿನೈದಕ್ಕೆ ಇಳಿಯೋದನ್ನ ಟೈಲರ್ ಎರಡು ಸಲ ಬೆರಳು ಮಡಿಸಿ ಎಣಿಸಿದ. ಜೀವಮಾನದಲ್ಲಿ ಮೊದಲನೇ ಸಲ ಅಳತೆ ಕಮ್ಮಿ ಮಾಡ್ತಿದ್ದ.

ಭಾನುವಾರ ಭಾವ ಸೀಮೆಸುಣ್ಣ ತಂದಿದ್ರು. ಬೋಟಿನ ನಟ್ಟನಡುವೆ, ಎಲ್ಲಿ ಕೊಯ್ಯಬೇಕೋ ಅಲ್ಲಿಗೆ ಗೆರೆ ಎಳೆದುಬಿಟ್ಟೇ ಹತ್ತಿದ್ರು. ಅವರು ಕಾಲಿಟ್ಟ ಕೂಡಲೇ ಕೆರೆಯ ಮಟ್ಟ ಅರ್ಧ ಅಡಿ ಏರಿ, ಆ ದಡದಲ್ಲಿ ಬಟ್ಟೆ ಒಗೀತಿದ್ದವರು ಎದ್ದು ಹಿಂದೆ ಸರಿದ್ರಂತೆ.

ಲಾಂಚ್ ಹಾರ್ನ್ ಹೊಡೆದು ಹೊರಟಿತು. ಟೈಲರ್ ಥ್ರಾಟಲ್ ತಳ್ಳಿದ. ಮೂತಿ ಮೇಲೆದ್ದಿತು. ಮತ್ತೆ ಮೋಡ. ಭಾವನ ಮುಖದಲ್ಲಿ ಆಗಲೇ ದಾಸವಾಳ ಅರಳಿತ್ತು. ಅಷ್ಟರಲ್ಲಿ ಮುಳ್ಳು ನಾಲ್ಕು ಸಾವಿರ ದಾಟಿತು, ನಾಲ್ಕೂವರೆ ಆಯ್ತು, ಐದು ಆಯ್ತು. ಮೂತಿ ಮೆತ್ತಗೆ ಕೆಳಗಿಳಿದು ಬೋಟ್ ನೀರಿನ ಮೇಲೆ ಜಾರೋಕೆ ಶುರುವಾಯ್ತು. ಐದು ಸಾವಿರದ ಇನ್ನೂರಕ್ಕೆ ಮುಳ್ಳು ಗೂಟ ಹೊಡೆದಂಗೆ ನಿಂತಿತು.

"ಅಯ್ಯೋ ರೀ, ಓಡ್ತಿದೆ!" ಅಂತ ಹೆಂಡತಿ ಕೂಗಿದ್ಳು.

ಲಾಂಚ್ ಹಿಂದೆ ಬಿತ್ತು. ಅವರು ಆ ದಡದ ಕಟ್ಟೆಗೆ ಹಗ್ಗ ಕಟ್ಟಿ ಎಷ್ಟೋ ಹೊತ್ತಾದ ಮೇಲೆ ಅದು ಏದುಸಿರು ಬಿಡ್ತಾ ಬಂತು. ಭಾವ ಇಳಿದ್ರು. "ನನಗೆ ಸೊಂಟ ಹಿಡ್ಕೊಂಡಿದೆ, ಲಾಂಚಲ್ಲೇ ಬರ್ತೀನಿ" ಅಂತ ಟಿಕೆಟ್ ಸಾಲಿಗೆ ಹೋಗಿ ನಿಂತ್ರು.

ಬೋಟ್ ಉಳೀತು. ಟೈಲರ್ ವಾಪಸ್ ಹೊರಡೋಕೆ ಹಗ್ಗ ಬಿಚ್ಚಿದ.

"ಸರೀರಿ ಆಚೆ, ನಾನು ಓಡಿಸ್ತೀನಿ," ಅಂತ ಹೆಂಡತಿ ಸ್ಟಿಯರಿಂಗ್ ಕಸ್ಕೊಂಡು ಪೂರ್ತಿ ಥ್ರಾಟಲ್ ತಳ್ಳಿದ್ಳು. ಇಂಜಿನ್ ಮಿಕ್ಸಿ ಥರ ಕಿರುಚಿತು. ಮುಳ್ಳು ಐದೂವರೆ ದಾಟಿ ಕೆಂಪು ಗೆರೆ ಕಡೆ ನುಗ್ಗಿತು. ಟೈಲರ್ ಹಾರಿಬಂದು ಥ್ರಾಟಲ್ ಹಿಂದಕ್ಕೆಳೆದ.

"ಯಾಕ್ರೀ ಇಳಿಸ್ತೀರ?"

"ಇನ್ನು ಏರಿಸಿದ್ರೆ ಇಂಜಿನ್ ಸುಟ್ಟು ಹೋಗುತ್ತೆ ಕಣೇ. ಪ್ರೊಪೆಲರ್ ನಿಮ್ಮಣ್ಣ ಕೂರೋ ಲೆಕ್ಕಕ್ಕೆ ತಂದಿದ್ದು. ಅವರಿಲ್ಲ, ಭಾರ ಕಮ್ಮಿ ಆಯ್ತು."

ಅವಳು ಬೋಟನ್ನ ಗರಕ್ಕನೆ ತಿರುಗಿಸಿ ನೇರ ಟಿಕೆಟ್ ಸಾಲಿನ ಮುಂದೆ ತಂದು ನಿಲ್ಲಿಸಿದ್ಳು.

"ಅಣ್ಣಾ, ಹತ್ತು!"

"ಬೇಡ ಕಣಮ್ಮ, ನೀವು ಹೋಗಿ."

"ಹತ್ತೋ ಮಾರಾಯ, ನೀನಿಲ್ದೆ ಇವರು ಜೋರಾಗಿ ಓಡಿಸೋಕೆ ಬಿಡ್ತಿಲ್ಲ."

ಸಾಲಲ್ಲಿದ್ದವರೆಲ್ಲ ಭಾವನ ಕಡೆ ತಿರುಗಿದ್ರು. ಭಾವ ಟಿಕೆಟ್ ಜೇಬಿಗಿಟ್ಟು ಒಂದೊಂದೇ ಕಾಲು ಇಳಿಸಿ ಬಂದು ಕೂತ್ರು.

"ಎಷ್ಟು ಸುತ್ತು?"

"ಪೆಟ್ರೋಲ್ ಮುಗಿಯೋವರೆಗೂ," ಅಂದ್ಳು ತಂಗಿ, ಥ್ರಾಟಲ್ ಮೇಲೆ ಕೈಯಿಟ್ಟು.