ಆಯ್ತು ಎನ್ನುವ ಮೊದಲು

ನಮ್ಮ ಊದುಬತ್ತಿ ಕಾರ್ಖಾನೆಯಲ್ಲಿ ಪ್ರತಿದಿನ ಬೆಳಿಗ್ಗೆ ಹೊಸ ಮಿಶ್ರಣದ ಮೊದಲ ಕಡ್ಡಿಯನ್ನು ಹಚ್ಚಿ ಕಿಟಕಿಯ ಬಳಿ ಸಿಕ್ಕಿಸುತ್ತಿದ್ದರು. ಹೊಗೆ ಎಳೆಯಾಗಿ ಮೇಲೇಳುತ್ತಿತ್ತು. ಪರಿಮಳ ಬೆರೆಸುವವಳು ನಾನು. ಮೂಸಿ ನೋಡಿ ‘ಆಯ್ತು’ ಎನ್ನುವ ತನಕ ನಲವತ್ತು ಹೆಂಗಸರು ಕೈಕಟ್ಟಿ ಕೂರುತ್ತಿದ್ದರು. ಆ ಒಂದು ಮಾತಿನ ಬಗ್ಗೆ ನನಗೆ ಸಣ್ಣ ಜಂಬವೇ ಇತ್ತು.

ಒಮ್ಮೆ ಜ್ವರ ಬಂತು. ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಗಂಧದೆಣ್ಣೆ ಮೂಸಿದರೂ ನೀರು, ಸೀಮೆಎಣ್ಣೆ ಮೂಸಿದರೂ ನೀರು. ಯಾರಿಗೂ ಹೇಳಲಿಲ್ಲ. ಹಳೆಯ ಅಳತೆಯನ್ನೇ ನಂಬಿ ಬೆರೆಸಿದೆ. ಹೊಗೆಯ ಮುಂದೆ ನಿಂತು, ಏನೊಂದೂ ತಿಳಿಯದಿದ್ದರೂ, ದಿನವೂ ‘ಆಯ್ತು’ ಎಂದೆ.

ಆರನೆಯ ವಾರ ಮಾಲೀಕರಾದ ಅಶ್ವತ್ಥ ಶೆಟ್ಟರು ಕರೆಸಿದರು. ಸಿಕ್ಕಿಬಿದ್ದೆ ಎಂದುಕೊಂಡೇ ಹೋದೆ.

“ಕೂತ್ಕೊಳಮ್ಮ. ನಿನ್ನ ಕಾಲೇಜಿಗೆ ಕಳಿಸ್ತೀವಿ, ಬಿಸಿನೆಸ್ ಡಿಗ್ರಿ, ಮೂರು ವರ್ಷ. ಫೀಸು ನಮ್ದು. ಸರಕು ಬಲ್ಲೋರು ಮಾರಾಟಕ್ಕೆ ಬೇಕು. ಆದ್ರೆ ನಮ್ಮಪ್ಪನ ಕಾಲದ ಕಟ್ಟಳೆ ಗೊತ್ತಲ್ಲ? ಗಿರಾಕಿ ಜೊತೆ ಮಾತಾಡೋರು ಮತ್ತೆ ಬೆರೆಸೋ ಕೋಣೆಗೆ ಕಾಲಿಡಂಗಿಲ್ಲ. ಗುಟ್ಟು ಹೊರಗೆ ಹೋಗ್ಬಾರ್ದು. ಯೋಚ್ನೆ ಮಾಡಿ ಸೋಮವಾರ ಹೇಳು.”

ಮೂವತ್ತೊಂಬತ್ತು ವರ್ಷದವಳು ಮೂರು ವರ್ಷ ಬೆಂಚಿನ ಮೇಲೆ ಕೂತು ಏನು ಸಾಧಿಸಬೇಕು? ಜ್ವರಕ್ಕೆ ಮೊದಲಾಗಿದ್ದರೆ ನಕ್ಕು ಬೇಡವೆನ್ನುತ್ತಿದ್ದೆ. ಈಗ ಅದೊಂದೇ ತಪ್ಪಿಸಿಕೊಳ್ಳುವ ದಾರಿಯಾಗಿ ಕಂಡಿತು.

ಮರುದಿನವೂ ಹೊಗೆ ಎದ್ದಿತು, ನಾನೂ ‘ಆಯ್ತು’ ಎಂದೆ. ಊಟದ ಹೊತ್ತಿಗೆ ಹಲೀಮಾಬಿ ಬಂದು ಪಕ್ಕದಲ್ಲಿ ಕೂತಳು. ಕಡ್ಡಿ ಹೊಸೆಯುವವರಲ್ಲೆಲ್ಲ ಹಿರಿಯಳು ಅವಳು.

“ಒಂದೂವರೆ ತಿಂಗಳಿಂದ ನನ್ ಮುಖ ನೋಡಿ ಆಯ್ತು ಅಂತಿದೀಯ. ಗೊತ್ತೈತಾ ನಿಂಗೆ?”

ನಿಜಕ್ಕೂ ನನಗೆ ಗೊತ್ತಿರಲಿಲ್ಲ.

“ಸರಿ ಇದ್ರೆ ತಲೆ ಆಡಿಸ್ತೀನಿ. ಮೊನ್ನೆ ಆಡಿಸ್ಲಿಲ್ಲ, ನೀನು ಇನ್ನೆರಡು ಹನಿ ಹಾಕ್ದೆ. ಹೆದರ್ಬೇಡ ಕಣಮ್ಮ. ನಮ್ಮಕ್ಕಂಗೂ ಹಿಂಗೇ ಆಗಿತ್ತು. ತುಂಬಾ ದಿನ ಹಿಡೀತು, ಆದ್ರೂ ವಾಪಸ್ ಬಂತು. ಅಲ್ಲೀತಂಕ ನಾನಿದೀನಿ. ಶೆಟ್ರು ಕರೆಸಿದ್ದೂ ಗೊತ್ತಾಯ್ತು, ಡಿಗ್ರಿ ಗಿಗ್ರಿ ಬೇಡ.”

ಸಮಾಧಾನವಾಗಬೇಕಿತ್ತು. ಬದಲಿಗೆ ಹೆದರಿಕೆ ಹೆಚ್ಚಾಯಿತು. ಒಬ್ಬಳಿಗೆ ಗೊತ್ತಾದದ್ದು ನಲವತ್ತು ಜನಕ್ಕೆ ಗೊತ್ತಾಗಲು ಎಷ್ಟು ಹೊತ್ತು? ಅವಳು ಒಂದು ದಿನ ಕೆಲಸಕ್ಕೆ ಬಾರದಿದ್ದರೆ? ಮೂಗು ವಾಪಸ್ ಬರದೇ ಹೋದರೆ? ಸೋಮವಾರ ಬೆಳಿಗ್ಗೆಯೇ ಶೆಟ್ಟರ ಮುಂದೆ ಸಹಿ ಹಾಕಿದೆ. ಓದುವ ಆಸೆ ಎಂದು ಬೇರೆ ಹೇಳಿದೆ. ನನ್ನ ಕೆಲಸ ಹಲೀಮಾಬಿಗೆ ಹೋಯಿತು. ಬೆರೆಸುವ ಕೋಣೆಯ ಬೀಗದಕೈಯನ್ನು ನಾನು ಕೊಡುವಾಗ ಅವಳು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮೂರು ವರ್ಷ ಓದಿದೆ. ಪಾಠಗಳು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿ ಜಡೆಯನ್ನು ಹಿಂದಕ್ಕೆ ಹಾಕಿಕೊಂಡಳು. ಮರುಗ! ಅವಳು ಮುಡಿದಿದ್ದ ಒದ್ದೆ ಮರುಗದ ವಾಸನೆ. ಅದರ ಹಿಂದೆ ಕೊಬ್ಬರಿ ಎಣ್ಣೆ, ಅದರ ಹಿಂದೆ ಶಾಯಿ, ಹಳೇ ಮರದ ಬೆಂಚು. ಒಂದೊಂದಾಗಿ ಎಲ್ಲವೂ ಬಂದವು. ಉತ್ತರಪತ್ರಿಕೆಯ ಮೇಲೆ ಕಣ್ಣೀರು ತೊಟ್ಟಿಕ್ಕಿತು.

“ಹುಷಾರಿಲ್ವೇನ್ರೀ? ನೀರು ಬೇಕಾ?” ಮೇಲ್ವಿಚಾರಕರು ಕೇಳಿದರು.

ಬೇಡವೆಂದು ತಲೆಯಾಡಿಸಿದೆ. ಹಲೀಮಾಬಿ ಹೇಳಿದಂತೆಯೇ ಮೂಗು ವಾಪಸ್ ಬಂದಿತ್ತು, ಬೆರೆಸುವ ಕೋಣೆಗೆ ಮಾತ್ರ ಇನ್ನು ಕಾಲಿಡುವಂತಿರಲಿಲ್ಲ. ಇನ್ನೂ ಅರ್ಧ ಗಂಟೆ ಉಳಿದಿತ್ತು. ಆ ಹುಡುಗಿಯ ಜಡೆಯತ್ತ ಒಂದಿಷ್ಟು ಬಾಗಿ, ಉಸಿರೆಳೆದುಕೊಳ್ಳುತ್ತ, ಮಾರಾಟ ಹೆಚ್ಚಿಸುವ ಮಾರ್ಗಗಳ ಬಗ್ಗೆ ಬರೆಯುತ್ತ ಹೋದೆ.